ಹಾಡು ಕೋಟಿ ಇದ್ದರೇನು, ಹುಡುಕಿದ್ದು ಸಿಗಬೇಕಲ್ಲ?

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು. ಅದೇ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹುಟ್ಟಿದರು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ ಶರೀಫರ ಊರು, ಬಾಡ ಕನಕದಾಸರ ಊರು. ಇಂಥ ಸೀಮೆಯ ಕೇಳುಗರೂ ಈಗ ಹಾಡಿಗೆ ಮೊಬೈಲನ್ನೇ ತೆರೆಯುತ್ತಾರೆ. ಆದರೆ ಒಳ್ಳೆಯ ಮ್ಯೂಸಿಕ್ ಆ್ಯಪ್ ಎಂದರೆ ಹೇಗಿರಬೇಕು ಎಂಬುದರಲ್ಲಿ ಕೇಳುವವರಿಗೂ ಆ್ಯಪ್ ಕಟ್ಟುವವರಿಗೂ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಹಾಡುಗಳ ಸಂಗ್ರಹ ದೊಡ್ಡದಿದ್ದಷ್ಟೂ ಆ್ಯಪ್ ಒಳ್ಳೆಯದು.

ವಾಸ್ತವ: ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ನಂಥ ಸೇವೆಗಳಲ್ಲಿ 10 ಕೋಟಿಗೂ ಹೆಚ್ಚು ಹಾಡುಗಳಿವೆ. ಹುಡುಕಿದಾಗ ಸಿಗದ ಹಾಡು ಇದ್ದೂ ಇಲ್ಲದಂತೆ. ಶರೀಫರನ್ನೇ ತೆಗೆದುಕೊಳ್ಳಿ. ಹಾಡು ಏರಿಸುವವರು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. 'ರೀ'ಗೆ ಒಬ್ಬರು ಬರೀ 'ಐ' ಹಾಕಿದರೆ, ಇನ್ನೊಬ್ಬರು 'ಐಇ' ಹಾಕುತ್ತಾರೆ, ಮತ್ತೊಬ್ಬರು ಎರಡು 'ಇ' ಹಾಕುತ್ತಾರೆ. ಗವಾಯಿ ಎಂಬುದನ್ನು 'ವಿ' ಹಾಕಿ ಬರೆಯುವವರೂ ಇದ್ದಾರೆ, 'ಡಬ್ಲ್ಯೂ' ಹಾಕುವವರೂ ಇದ್ದಾರೆ. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡದಿದ್ದರೆ ಒಬ್ಬ ಕವಿ ಮೂರು ಜನರಾಗಿ ಹಂಚಿಹೋಗುತ್ತಾನೆ.

ಇನ್ನೊಂದು ತೊಡಕಿದೆ. ಎಷ್ಟೋ ಕಡೆ 'ಕಲಾವಿದ' ಎಂಬ ಒಂದೇ ಅಂಕಣದಲ್ಲಿ ಗಾಯಕರ ಹೆಸರಷ್ಟೇ ಇರುತ್ತದೆ. ತತ್ತ್ವಪದ ಕಟ್ಟಿದವರು ಶರೀಫರು, ರಾಗ ಹಾಕಿ ಹಾಡಿದವರು ಸಿ. ಅಶ್ವತ್ಥ್. ಕೇಳುಗನಿಗೆ ಇಬ್ಬರೂ ಬೇಕು. ಗಂಗೂಬಾಯಿ ಹಾನಗಲ್ ಅವರ ವಿಷಯ ಇನ್ನೂ ಸೂಕ್ಷ್ಮ. 1930ರ ದಶಕದ ಎಚ್‌ಎಂವಿ ರೆಕಾರ್ಡುಗಳಲ್ಲಿ ಅವರ ಹೆಸರು 'ಗಾಂಧಾರಿ ಹಾನಗಲ್'. ಆಗಿನ ದನಿ ತೆಳು, ಏರುಶ್ರುತಿಯದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದದ್ದು ನಾವೆಲ್ಲ ಬಲ್ಲ ಗಡಸು ದನಿ. ಹೆಸರೂ ಬೇರೆ, ದನಿಯೂ ಬೇರೆ ಆದಾಗ ಇಬ್ಬರೂ ಒಬ್ಬರೇ ಎಂದು ಯಂತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ. ಸಂಗೀತ ಬಲ್ಲ ಮನುಷ್ಯನೊಬ್ಬ ಕೂತು ಜೋಡಿಸಬೇಕು. ಮೆನುವಿನಲ್ಲಿ 'ಮುಖಪುಟ', 'ಹುಡುಕಿ' ಎಂದು ಕನ್ನಡ ಹಾಕಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ.

ತಪ್ಪು ಕಲ್ಪನೆ 2: ಗುಣಮಟ್ಟವನ್ನು ಯಾವಾಗಲೂ ಅತಿ ಹೆಚ್ಚಿಗೆ ಇಟ್ಟರೆ ಅನುಭವ ಉತ್ತಮ.

ವಾಸ್ತವ: ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 320 ಕಿಲೋಬಿಟ್‌ನಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 144 ಎಂಬಿ ಡೇಟಾ ಖರ್ಚಾಗುತ್ತದೆ. 96 ಕಿಲೋಬಿಟ್‌ನಲ್ಲಾದರೆ 43 ಎಂಬಿ. ಓಡುವ ಬಸ್ಸಿನ ಗದ್ದಲದಲ್ಲಿ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಇವೆರಡರ ವ್ಯತ್ಯಾಸ ಕಿವಿಗೆ ತಿಳಿಯುವುದು ಕಷ್ಟ. ನೆಟ್‌ವರ್ಕ್ ಬಂದು ಹೋಗುವ ದಾರಿಯಲ್ಲಿ ಹಾಡು ನಡುವೆ ನಿಂತರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಹಳ್ಳಿಯ ಕೇಳುಗನಿಗೆ ಬೇಕಾದದ್ದು ಮೂರು: ಸಿಗ್ನಲ್ ಕುಗ್ಗಿದಾಗ ಗುಣಮಟ್ಟ ತಾನೇ ಇಳಿಸಿಕೊಂಡು ನಿಲ್ಲದೆ ಓಡುವ ಆ್ಯಪ್, ವೈಫೈ ಸಿಕ್ಕಾಗ ಇಳಿಸಿಟ್ಟುಕೊಳ್ಳುವ ಸೌಲಭ್ಯ, ಎಷ್ಟು ಡೇಟಾ ಖರ್ಚಾಯಿತು ಎಂದು ಕಣ್ಣಿಗೆ ಕಾಣುವ ಲೆಕ್ಕ.

ತಪ್ಪು ಕಲ್ಪನೆ 3: ದನಿ ಜೋರಿದ್ದರೆ ಧ್ವನಿಮುದ್ರಣ ಚೆನ್ನಾಗಿದೆ ಎಂದರ್ಥ.

ವಾಸ್ತವ: ಎರಡು ಹಾಡು ಅಕ್ಕಪಕ್ಕ ಕೇಳಿದರೆ ಜೋರಾಗಿರುವುದೇ ಚೆಂದ ಎನ್ನಿಸುವುದು ಕಿವಿಯ ಸ್ವಭಾವ. ಅದಕ್ಕೇ ಸೇವೆಗಳು ಎಲ್ಲ ಹಾಡುಗಳನ್ನೂ ಒಂದು ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈ ಸಾಮಾನ್ಯವಾಗಿ ಇಟ್ಟುಕೊಂಡಿರುವ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ). ಈ ಸೌಲಭ್ಯವನ್ನು ಆಫ್ ಮಾಡಿದ್ದರೆ ತಂಬೂರಿಯ ಜೊತೆಗಿನ ಆಲಾಪ ಮುಗಿದು ಸಿನಿಮಾ ಹಾಡು ಶುರುವಾದಾಗ ಬೆಚ್ಚಿಬೀಳುವಂತಾಗುತ್ತದೆ. ಕಿವಿಯ ಆರೋಗ್ಯದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಸುರಕ್ಷಿತ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ದನಿ ಏರಿದಷ್ಟೂ ಕೇಳಬಹುದಾದ ಸಮಯ ಬೇಗ ಬೇಗ ಕುಗ್ಗುತ್ತದೆ.

ತಪ್ಪು ಕಲ್ಪನೆ 4: ಷಫಲ್ ಒತ್ತಿಬಿಟ್ಟರೆ ಸಾಕು, ಯಾವ ಹಾಡು ಮೊದಲು ಬಂದರೇನು?

ವಾಸ್ತವ: ಸಿನಿಮಾ ಹಾಡಿಗೆ ಇದು ನಡೆಯುತ್ತದೆ, ಖಯಾಲಿಗೆ ನಡೆಯುವುದಿಲ್ಲ. ನಿಧಾನ ಲಯದ ವಿಲಂಬಿತದಲ್ಲಿ ರಾಗವನ್ನು ಬಿಡಿಸಿ, ಆಮೇಲೆ ವೇಗದ ದ್ರುತ್‌ಗೆ ಬರುವುದು ಕ್ರಮ. ಆಲ್ಬಮ್ಮಿನಲ್ಲಿ ಇವು ಎರಡು ಟ್ರ್ಯಾಕ್ ಆಗಿರುತ್ತವೆ. ಷಫಲ್ ಮಾಡಿದರೆ ದ್ರುತ್ ಮೊದಲು, ನಡುವೆ ಯಾರದೋ ಭಜನೆ, ಕೊನೆಗೆ ವಿಲಂಬಿತ! ಕ್ರಮದಲ್ಲೇ ಕೇಳಿದರೂ ಎರಡು ಟ್ರ್ಯಾಕ್‌ಗಳ ನಡುವೆ ಅರೆಕ್ಷಣ ದನಿ ಕಡಿದರೆ ತಂಬೂರಿಯ ನಾದ ತುಂಡಾಗುತ್ತದೆ. 2021ರ ನವೆಂಬರಿನಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಮ್ ಪುಟದಲ್ಲಿ ಷಫಲನ್ನು ಮೊದಲ ಆಯ್ಕೆಯ ಸ್ಥಾನದಿಂದ ತೆಗೆಯಿತು. ಪಾಪ್ ಆಲ್ಬಮ್ಮಿಗೆ ಸಿಕ್ಕ ಮರ್ಯಾದೆ ರಾಗಕ್ಕೂ ಸಿಗಬೇಡವೇ?

ಹಣದ ಲೆಕ್ಕವೂ ಚಿಕ್ಕ ಹಾಡಿನ ಕಡೆಗೇ ವಾಲಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರೆ ಅದು ಒಂದು ಸಲ ಕೇಳಿದ ಲೆಕ್ಕ. ಮೂರು ನಿಮಿಷದ ಹಾಡಿಗೂ ಮುಕ್ಕಾಲು ಗಂಟೆಯ ರಾಗಕ್ಕೂ ಲೆಕ್ಕ ಒಂದೇ. 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೂ ಇಲ್ಲ. ಹಳ್ಳಿಯ ಭಜನಾ ಮಂಡಳಿಗೆ ಆ ಸಂಖ್ಯೆ ಸಣ್ಣದಲ್ಲ.

ತಪ್ಪು ಕಲ್ಪನೆ 5: ನಮ್ಮ ರುಚಿ ಆ್ಯಪಿಗೆ ಗೊತ್ತು.

ವಾಸ್ತವ: ಆ್ಯಪಿಗೆ ಗೊತ್ತಿರುವುದು ಆ ಫೋನಿನಲ್ಲಿ ಏನು ಓಡಿತು ಎಂಬುದಷ್ಟೇ. ಬೆಳಿಗ್ಗೆ ಅವ್ವ ವಚನ ಕೇಳುತ್ತಾಳೆ, ಮಧ್ಯಾಹ್ನ ಮೊಮ್ಮಗ ಡಿಜೆ ಹಾಡು ಹಾಕುತ್ತಾನೆ, ರಾತ್ರಿ ಅಪ್ಪ ರಂಗಗೀತೆ. ಮೂವರ ಫೋನೂ ಒಂದೇ ಆದರೆ ಶಿಫಾರಸು ಕಲಬೆರಕೆಯಾಗದೆ ಇನ್ನೇನಾದೀತು? ಹಾಗೆಯೇ, 'ಇದನ್ನು ಕೇಳಿದವರು ಅದನ್ನೂ ಕೇಳಿದರು' ಎಂಬ ಲೆಕ್ಕದಲ್ಲಿ ಕೆಲವೇ ಜನ ಕೇಳಿದ ಹಾಡು ಮೇಲೆ ಬರುವುದೇ ಇಲ್ಲ. ಕೇಳುವವರಿಲ್ಲದ್ದಕ್ಕೆ ತೋರಿಸುವುದಿಲ್ಲ, ತೋರಿಸದ್ದಕ್ಕೆ ಕೇಳುವವರಿಲ್ಲ. ಈ ಸುತ್ತನ್ನು ಮುರಿಯಲು ಮನೆಮಂದಿಗೆ ಬೇರೆ ಬೇರೆ ಪ್ರೊಫೈಲ್ ಬೇಕು, ಜೊತೆಗೆ ಸಂಗೀತ ಬಲ್ಲವರು ಆರಿಸಿಕೊಟ್ಟ ಪಟ್ಟಿಗಳೂ ಬೇಕು.

ಒಟ್ಟಿನಲ್ಲಿ, ಕೇಳುವ ಸುಖ ಅರ್ಧ ದನಿಯಲ್ಲಿದ್ದರೆ ಇನ್ನರ್ಧ ದನಿಯ ಜೊತೆ ಬರುವ ಮಾಹಿತಿಯಲ್ಲಿದೆ. ಆ್ಯಪ್ ಕಟ್ಟುವವರು ಅದಕ್ಕೆ ಜಾಗ ಕೊಡಬೇಕು, ಹಾಡು ಏರಿಸುವವರು ಅದನ್ನು ತುಂಬಬೇಕು. ನಿಮ್ಮೂರಿನ ಮಂಡಳಿಯ ಹಾಡನ್ನು ಇಂಟರ್ನೆಟ್ಟಿಗೆ ಹಾಕುವ ಮುನ್ನ ಪದ ಕಟ್ಟಿದವರು, ಹಾಡಿದವರು, ಹಾರ್ಮೋನಿಯಂ, ತಬಲಾ ನುಡಿಸಿದವರು, ರಾಗ, ಊರು ಇಷ್ಟನ್ನೂ ಕನ್ನಡದಲ್ಲೇ ಬರೆಯಿರಿ. ಕಲಿತ ಮಕ್ಕಳಿಂದ ಇಂಗ್ಲಿಷ್ ಅಕ್ಷರಗಳಲ್ಲೂ ಒಮ್ಮೆ ಬರೆಸಿ. ಹತ್ತು ನಿಮಿಷದ ಕೆಲಸ, ದುಡ್ಡಿನ ಖರ್ಚಿಲ್ಲ.