ಎರಡೂವರೆ ಶತಮಾನದ ಬಳಿಕ ಚರ್ಚಿಗೆ ಮರಳಿದವರು

ಜಪಾನಿನ ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ನಿರ್ಮಿಸಲಾಗಿದ್ದ ಔರಾ ಚರ್ಚಿಗೆ 1865ರ ಮಾರ್ಚ್ 17ರಂದು ಉರಾಕಾಮಿ ಗ್ರಾಮದ ಸುಮಾರು 15 ಮಂದಿ ಬಂದರು. ಅವರಲ್ಲೊಬ್ಬ ಮಹಿಳೆ ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆತಿಜಾನ್ ಅವರ ಬಳಿ ಸಾರಿ, ತಮ್ಮದೂ ಅದೇ ವಿಶ್ವಾಸವೆಂದು ಪಿಸುದನಿಯಲ್ಲಿ ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದಳು.

1614ರಲ್ಲಿ ದೇಶದಾದ್ಯಂತ ಕ್ರೈಸ್ತಧರ್ಮ ನಿಷೇಧಗೊಂಡಿತ್ತು. ಪಾದ್ರಿಗಳು ಗಡೀಪಾರಾದರು, ಅಡಗಿ ಉಳಿದವರು ಕ್ರಮೇಣ ಹತರಾದರು. ಭಕ್ತರು ಬೌದ್ಧರ ಕರುಣಾಮೂರ್ತಿ ಕಾನ್ನೋನ್ ವಿಗ್ರಹದಲ್ಲಿಯೇ ಮರಿಯಳನ್ನು ಕಂಡುಕೊಂಡರು.

ಹೀಗೆ ಗುಟ್ಟಾಗಿ ಉಳಿದುಬಂದ ವಿಶ್ವಾಸಕ್ಕೆ ಚರ್ಚಿನ ಅಗತ್ಯವಾದರೂ ಏನಿತ್ತು? ಕೆಥೋಲಿಕ ನಿಯಮದಂತೆ, ಅನಿವಾರ್ಯ ಸಂದರ್ಭದಲ್ಲಿ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ನೀಡಬಹುದು. ಊರಿನ ಹಿರಿಯರು ಅದನ್ನು ನಡೆಸಿಕೊಂಡು ಬಂದಿದ್ದರು. ಆದರೆ ಬಲಿಪೂಜೆಗೂ ಪಾಪನಿವೇದನೆಗೂ ಗುರುವೇ ಬೇಕು. ಪಶ್ಚಾತ್ತಾಪದ ಪ್ರಾರ್ಥನೆಯೊಂದನ್ನೇ ನೆಚ್ಚಿ ಹಲವು ತಲೆಮಾರುಗಳು ಸಂದಿದ್ದವು.

ಮರಳಿದ್ದಕ್ಕೆ ಬೆಲೆ ತೆರಬೇಕಾಯಿತು. ನಿಷೇಧ ಇನ್ನೂ ಜಾರಿಯಲ್ಲಿತ್ತು. 1867ರಲ್ಲಿ ಬಂಧನಗಳು ಆರಂಭವಾಗಿ, ಮುಂದೆ ಉರಾಕಾಮಿಯ 3,000ಕ್ಕೂ ಹೆಚ್ಚು ಜನ ಗಡೀಪಾರಾದರು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಅಸುನೀಗಿದರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದ ಮೇಲಷ್ಟೇ ಬದುಕುಳಿದವರು ಊರು ಸೇರಿದರು.

ಗುಪ್ತ ಕ್ರೈಸ್ತರೆಲ್ಲರೂ ಚರ್ಚಿಗೆ ಬರಲಿಲ್ಲ. ಕೆಲವರು ಪೂರ್ವಿಕರ ರಹಸ್ಯ ಆಚರಣೆಗಳನ್ನೇ ಮುಂದುವರಿಸಿದರು. ಅದರಲ್ಲಿ ಅಚ್ಚರಿಯಿಲ್ಲ, ಅವರ ಪಾಲಿಗೆ ಅಜ್ಜ-ಮುತ್ತಜ್ಜರು ಪ್ರಾಣಭಯದ ನಡುವೆ ಕಾಪಾಡಿದ ಧರ್ಮ ಅದೇ ಆಗಿತ್ತು.