ನಿಮಗಿದು ಗೊತ್ತೆ? ಹೋಟೆಲ್ ಬಿಲ್‌ನಲ್ಲಿ ಏನಿರಬೇಕು, ಏನಿರಬಾರದು

ಹುಟ್ಟುಹಬ್ಬಕ್ಕೋ ಮದುವೆ ವಾರ್ಷಿಕೋತ್ಸವಕ್ಕೋ ಸಿರುಗುಪ್ಪ, ಕುರುಗೋಡಿನಿಂದ ಮನೆಮಂದಿಯೆಲ್ಲ ಬಳ್ಳಾರಿಯ ಹೋಟೆಲ್‌ಗೆ ಊಟಕ್ಕೆ ಹೊರಟಿದ್ದೀರಾ? ದುಡ್ಡು ಕೊಡುವ ಮುನ್ನ ಬಿಲ್ ಮೇಲೊಮ್ಮೆ ಕಣ್ಣಾಡಿಸಿ.

• ‘ಸರ್ವಿಸ್ ಚಾರ್ಜ್’ ಸರ್ಕಾರದ ತೆರಿಗೆಯಲ್ಲ. ನಿಮ್ಮನ್ನು ಕೇಳದೆ ಅದನ್ನು ಬಿಲ್‌ಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಟಿಪ್ಸ್ ಕೊಡುವುದು, ಬಿಡುವುದು ನಿಮ್ಮಿಷ್ಟ.

• ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಜಿಎಸ್‌ಟಿ ಶೇ 5. ಎಸಿ ಇದ್ದರೂ ಅಷ್ಟೇ. 1,000 ರೂಪಾಯಿ ಊಟಕ್ಕೆ 50 ರೂಪಾಯಿ.

• ಬಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು.

ತಕರಾರಿದ್ದರೆ ಮೊದಲು ಹೋಟೆಲ್‌ನವರಿಗೇ ಹೇಳಿ. ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.