ಒಂದು ಮನೆ ಹಿಂದಕ್ಕೆ, ಆಮೇಲೆ ಹಾರು

ಮಧುಗಿರಿಯ ನಮ್ಮ ಅಕ್ಕನ ಮನೆ ಹಜಾರದ ಕಿಟಕಿಯಿಂದ ಬೆಟ್ಟ ಎದುರಿಗೇ ಕಾಣುತ್ತದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಎಂದು ಊರಿನವರು ಬಂದವರಿಗೆಲ್ಲ ಹೇಳುವ ಬೆಟ್ಟ ಅದು. ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಆ ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಟಿವಿಯೊಳಗೆ ಇನ್ನೊಬ್ಬಳನ್ನು ಬಂಡೆ ಹತ್ತಿಸುತ್ತಿದ್ದಳು. ಆಟದ ಹೆಸರು 'ಟೂಂಬ್ ರೈಡರ್'. 1996ರಲ್ಲಿ ಬಂದಿದ್ದನ್ನೇ 2024ರಲ್ಲಿ ಸುಣ್ಣಬಣ್ಣ ಹೊಡೆದು ಮತ್ತೆ ಬಿಟ್ಟಿದ್ದಾರೆ. ಒಂದು ಗುಂಡಿ ಒತ್ತಿದರೆ ಹೊಸ ಮುಖ, ಇನ್ನೊಮ್ಮೆ ಒತ್ತಿದರೆ ಮರ ಕೆತ್ತಿದಂತಿದ್ದ ಹಳೇ ಮುಖ.

ಆಟದ ನಾಯಕಿ ಲಾರಾ ಮೂರು ಸಲ ಕಂದಕಕ್ಕೆ ಬಿದ್ದಳು. ನಾಲ್ಕನೇ ಸಲ ಹುಡುಗಿ ಅವಳನ್ನು ಅಂಚಿನವರೆಗೂ ಮೆಲ್ಲಗೆ ನಡೆಸಿದಳು, ಅಲ್ಲಿಂದ ಒಂದು ಸಲ ಹಿಂದಕ್ಕೆ ಕುಪ್ಪಳಿಸುವಂತೆ ಮಾಡಿದಳು, ಓಡಿಸಿದಳು, ಹಾರಿಸಿದಳು. ಆಚೆ ದಡ ಕೈಗೆ ಸಿಕ್ಕಿತು.

"ಇದಕ್ಕೆ ಲೆಕ್ಕ ಇದೆ ಚಿಕ್ಕಮ್ಮ," ಎಂದಳು.

ಲೆಕ್ಕ ಹೇಳಿಸಿಕೊಂಡೆ. ಅರ್ಧ ಕೇಳುವಷ್ಟರಲ್ಲಿ ನಗು ಬಂತು. ಇದು ಕುಂಟೆಬಿಲ್ಲೆ! ಆ ಗುಹೆ, ಆ ಗುಡಿ, ಆ ಜಲಪಾತ ಎಲ್ಲವೂ ಒಂದೇ ಅಳತೆಯ ಚೌಕಗಳಿಂದ ಕಟ್ಟಿದವು, ನಾವು ಅಂಗಳದಲ್ಲಿ ಇದ್ದಿಲಿನಿಂದ ಗೀಚುತ್ತಿದ್ದ 'ಮನೆ'ಗಳ ಹಾಗೆ. ನಿಂತಲ್ಲಿಂದ ಹಾರಿದರೆ ಲಾರಾ ಒಂದು ಮನೆ ದಾಟುತ್ತಾಳೆ. ಓಡಿ ಹಾರಿದರೆ ಎರಡು. ಓಡಿ ಹಾರಿ ಕೈಚಾಚಿ ಅಂಚು ಹಿಡಿದರೆ ಮೂರು. ಓಡುವುದಕ್ಕೆ ಜಾಗ ಬೇಕಲ್ಲ, ಅದಕ್ಕೇ ಆ ಹಿಂದಿನ ಕುಪ್ಪಳಿಕೆ. ಅದರಲ್ಲಿ ಸರಿಯಾಗಿ ಒಂದು ಮನೆ ಹಿಂದೆ ಸರಿದಿರುತ್ತಾಳೆ. ಹಾರುವ ಗುಂಡಿ ಒತ್ತಿದ ಕ್ಷಣಕ್ಕೇ ಅವಳು ಹಾರುವುದೂ ಇಲ್ಲ. ಓಟದ ಹೆಜ್ಜೆ ಸರಿಯಾಗಿ ಊರುವವರೆಗೆ ಕಾದು, ಆಮೇಲೆ ನೆಗೆಯುತ್ತಾಳೆ. ಆದ್ದರಿಂದ ಬೆರಳು ಅವಳಿಗಿಂತ ಚೂರು ಮುಂಚೆ ಯೋಚಿಸಬೇಕು. ನಡಿಗೆಯ ಗುಂಡಿ ಒತ್ತಿಹಿಡಿದಿದ್ದರೆ ಅವಳು ಅಂಚಿಗೆ ಬಂದು ತಾನಾಗಿ ನಿಲ್ಲುತ್ತಾಳೆ, ಬೀಳುವುದಿಲ್ಲ.

ನನಗೆ ಲಾರಾ ಇಷ್ಟವಾದದ್ದು ಇಲ್ಲಿ. ಅವಳು ಮಾತಿಗೆ ತಪ್ಪುವವಳಲ್ಲ. ನಿನ್ನೆ ಎರಡು ಮನೆ ಹಾರಿದವಳು ಇವತ್ತೂ ಎರಡೇ ಮನೆ ಹಾರುತ್ತಾಳೆ. ಬಿದ್ದರೆ ತಪ್ಪು ನಮ್ಮದು. ಅವಳ ಎರಡೂ ಕೈಯ ಪಿಸ್ತೂಲುಗಳ ಬಗ್ಗೆ, ಮೈಕಟ್ಟಿನ ಬಗ್ಗೆ ಜಗತ್ತು ಬೇಕಾದಷ್ಟು ಬರೆದಿದೆ. ಆಟ ಮಾರುವವರು ಆ ಮೈಕಟ್ಟನ್ನು ನಾಚಿಕೆಯಿಲ್ಲದೆ ಪೋಸ್ಟರಿಗೆ ಅಂಟಿಸಿದ್ದೂ ನಿಜ. ಗಂಟೆಗಟ್ಟಲೆ ಆಡಿದವರ ಬೆರಳಿಗೆ ಗೊತ್ತಿರುವ ಲಾರಾ ಬೇರೆ. ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಕಂಪನಿಯಲ್ಲಿ ಅವಳನ್ನು ರೂಪಿಸಿದವನು ಟೋಬಿ ಗಾರ್ಡ್. ಮೊದಲು ಲಾರಾ ಕ್ರೂಸ್ ಎಂದು ಹೆಸರಿಟ್ಟು, ಆಮೇಲೆ ಲಾರಾ ಕ್ರಾಫ್ಟ್ ಮಾಡಿದರು. ಅವಳಿಗೊಂದು ಉದ್ದ ಜಡೆ ಹಾಕಬೇಕೆಂದಿದ್ದರು. ಓಡುವಾಗ ಜಡೆ ಆಡಬೇಕು, ಮೈಯೊಳಗೆ ತೂರಬಾರದು. ಅಂದಿನ ಯಂತ್ರಗಳಲ್ಲಿ ಅದು ಸಾಧ್ಯವಾಗಲಿಲ್ಲ. ಹಾಗಾಗಿ ಮೊದಲ ಆಟದಲ್ಲಿ ಆಡುವಾಗ ಜಡೆಯಿಲ್ಲ, 1997ರ ಎರಡನೇ ಆಟಕ್ಕೆ ಬಂತು. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ಬಸ್ ಬರುವಷ್ಟರಲ್ಲಿ ಎರಡು ಜಡೆ ಹೆಣೆಯುವ ಅಕ್ಕನಿಗೆ ಇದನ್ನು ಹೇಳಿದರೆ, "ಜಡೆ ಹಾಕೋಕೆ ಒಂದು ವರ್ಷ ತಗೊಂಡ್ರಾ?" ಎಂದಳು.

ಅಂಥ ಮೈಯನ್ನು ಆಡಿಸುವುದು ಹೇಗೆ ಎಂಬುದು ತೊಗಲುಗೊಂಬೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಸೀಮೆಯಲ್ಲಿ ಗೊಂಬೆರಾಮರು ಆಡಿಸುತ್ತಿದ್ದ ಸೀತೆಯನ್ನು ನೆನೆಸಿಕೊಳ್ಳಿ. ಬೆಳಕು ತೂರುವಷ್ಟು ತೆಳುವಾಗಿ ಹದ ಮಾಡಿದ ಮೇಕೆ ತೊಗಲು. ತೋಳು, ಮೊಣಕೈ, ಸೊಂಟ ಬೇರೆಬೇರೆ ಕತ್ತರಿಸಿ, ದಾರದ ಗಂಟಿನಲ್ಲಿ ಜೋಡಿಸಿದ್ದು. ಗಂಟು ಸಡಿಲವಾದರೆ ಕೈ ಜೋಲುತ್ತದೆ, ಬಿಗಿಯಾದರೆ ಸೀತೆ ಕೋಲಿನಂತೆ ನಿಲ್ಲುತ್ತಾಳೆ. ಕಂಪ್ಯೂಟರಿನ ಗೊಂಬೆಗೂ ಹೊರಗೊಂದು ತೊಗಲು, ಒಳಗೆ ಮೂಳೆ, ಮೂಳೆಗೆ ಮೂಳೆ ಸೇರುವಲ್ಲಿ ಕೀಲು. ಇದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಭುಜದ ಕೀಲು ಎಷ್ಟು ತಿರುಗಬೇಕು, ತಿರುಗಿದಾಗ ತೊಗಲು ಎಲ್ಲಿ ಮಡಚಿಕೊಳ್ಳಬೇಕು ಎಂದು ಒಬ್ಬರು ತಿಂಗಳುಗಟ್ಟಲೆ ಕೂತು ನೋಡುತ್ತಾರೆ. ಪಾವಗಡದಿಂದ ಗಡಿ ದಾಟಿದರೆ ಧರ್ಮಾವರದ ಹತ್ತಿರ ನಿಮ್ಮಲಕುಂಟ ಸಿಗುತ್ತದೆ. ತೊಗಲುಗೊಂಬೆಗೆ ಹೆಸರಾದ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಅದೇ 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 'ರಾಜಿ' ಆಟವನ್ನು ಹೊರತಂದಿತು. ಅದರಲ್ಲಿ ಕಥೆ ಹೇಳುವ ಭಾಗಗಳು ಬರುವುದು ನೆರಳುಗೊಂಬೆಗಳ ರೂಪದಲ್ಲೇ. ರಾಜಿ ಸರ್ಕಸ್ಸಿನ ಹುಡುಗಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಟವಳು. ದುರ್ಗೆಯ ತ್ರಿಶೂಲ ಕೈಗೆ ಬರುತ್ತದೆ, ಸರಿ. ಆದರೆ ಅವಳು ಹೊಡೆದಾಡುವುದನ್ನು ಗಮನಿಸಿ: ಕಂಬ ಹಿಡಿದು ಗಿರ್ರನೆ ಸುತ್ತಿ ಒದೆಯುತ್ತಾಳೆ, ಗೋಡೆಗೆ ಓಡಿ ಹತ್ತಿ ಹಿಂದಕ್ಕೆ ಲಾಗ ಹಾಕುತ್ತಾಳೆ. ಹೊಟ್ಟೆಪಾಡಿಗೆ ಕಲಿತ ವಿದ್ಯೆಯೇ ಯುದ್ಧಕ್ಕೆ ಬಂತು. ವರ ಕೊಟ್ಟು ಗಟ್ಟಿ ಮಾಡಿದ ಹೆಣ್ಣಿಗಿಂತ ಕಸುಬಿನಿಂದ ಗಟ್ಟಿಯಾದವಳ ಮೇಲೆ ನನಗೆ ಹೆಚ್ಚು ನಂಬಿಕೆ.

ಇವರೆಲ್ಲರಿಗಿಂತ ಹಿರಿಯಳು ಸಾಮಸ್. 1986ರ ನಿಂಟೆಂಡೊ ಆಟ 'ಮೆಟ್ರಾಯ್ಡ್'ನ ನಾಯಕಿ. ಕೊರಟಗೆರೆ, ಸಿರಾ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹೆಣ್ಣು ಪಾರ್ಟು ಗಂಡಸರದ್ದೇ. ರಾತ್ರಿಯಿಡೀ ಮುಖವೀಣೆಗೆ ಹೆಜ್ಜೆ ಹಾಕಿದ ದ್ರೌಪದಿ ಬೆಳಗಿನ ಜಾವ ಎಣ್ಣೆ ಹಚ್ಚಿ ಮುಖ ಒರೆಸಿಕೊಂಡಾಗ ನೋಡಿದರೆ ನಮ್ಮ ಪಕ್ಕದ ಮನೆಯ ಅಣ್ಣಯ್ಯ. ಮೆಟ್ರಾಯ್ಡ್ ಇದನ್ನು ತಿರುವುಮುರುವು ಮಾಡಿತು. ಉದ್ದಕ್ಕೂ ಉಕ್ಕಿನ ಕವಚ, ಜತೆಗೆ ಬಂದ ಪುಸ್ತಿಕೆಯಲ್ಲೂ 'ಅವನು' ಎಂದೇ ಬರೆದಿತ್ತು. ಬೇಗ ಆಟ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಕವಚ ಕಳಚಿ ಹೆಣ್ಣು ಕಾಣಿಸಿದಳು.

ನಾನು ಎಲ್ಲಕ್ಕಿಂತ ಮೆಚ್ಚಿದವಳು ಸೆನುವಾ. ಕೇಂಬ್ರಿಜ್‌ನ ನಿಂಜಾ ಥಿಯರಿಯವರು 2017ರಲ್ಲಿ ತಂದ 'ಹೆಲ್‌ಬ್ಲೇಡ್' ಆಟದವಳು. ಅವಳ ಕಿವಿಯೊಳಗೆ ಸದಾ ದನಿಗಳು. ನಮ್ಮ ಕಡೆಯಾಗಿದ್ದರೆ ಗಾಳಿ ಮೆಟ್ಟಿದೆ ಎಂದು ತಾಯಿತ ಕಟ್ಟಿಸುತ್ತಿದ್ದರು, ಅವಳ ಊರಿನವರೂ ಶಾಪ ಎಂದೇ ಹೇಳುತ್ತಾರೆ. ಆಟ ಕಟ್ಟಿದವರು ಮಾತ್ರ ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಜತೆ, ಅಂಥ ದನಿಗಳನ್ನು ನಿಜವಾಗಿ ಕೇಳಿ ಬದುಕಿದವರ ಜತೆ ಕೂತು ಕೆಲಸ ಮಾಡಿದರು. ಧ್ವನಿಮುದ್ರಣಕ್ಕೆ ಎರಡು ಕಿವಿಯ ಹಾಗೆ ಎರಡು ಮೈಕು. ನಟಿಯರು ಅದರ ಸುತ್ತ ಓಡಾಡುತ್ತಾ ಪಿಸುಗುಟ್ಟಿದ್ದರಿಂದ, ಇಯರ್‌ಫೋನ್ ಹಾಕಿದರೆ ಒಂದು ದನಿ ಎಡಗಿವಿಯ ಹಿಂದಿನಿಂದ ಬಲಕ್ಕೆ ಸರಿದು ಹೋಗುವುದು ಗೊತ್ತಾಗುತ್ತದೆ. ಪರದೆಯ ಮೇಲೆ ಪ್ರಾಣದ ಪಟ್ಟಿ ಇಲ್ಲ, ಸೂಚನೆಯಿಲ್ಲ. ಅಣಕಿಸುವ ಆ ದನಿಗಳೇ ಹಿಂದಿನಿಂದ ಕತ್ತಿ ಬಂದಾಗ ಎಚ್ಚರಿಸುತ್ತವೆ. ಪೀಡೆಯೇ ಕಾವಲಾಗುವುದು ಹೀಗೆ.

ಸಾಯುತ್ತಾ ಹೋದರೆ ಅವಳ ತೋಳಿಗೆ ಹತ್ತಿದ ಕಪ್ಪು ಕಲೆ ಮೇಲೇರಿ ತಲೆ ಮುಟ್ಟುತ್ತದೆ, ಆಗ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಆಟ ಮೊದಲೇ ಹೆದರಿಸುತ್ತದೆ. ಅದು ಸುಳ್ಳು ಬೆದರಿಕೆ! ಏನೂ ಅಳಿಸುವುದಿಲ್ಲ. ಆದರೆ ಅವಳ ಭಯ ನಮ್ಮ ಅಂಗೈ ಬೆವರಾಗಲು ಅಷ್ಟು ಸಾಕು. ಸೆನುವಾ ಆದವಳು ಮೆಲಿನಾ ಯೂರ್ಗೆನ್ಸ್, ಅದೇ ಕಂಪನಿಯಲ್ಲಿ ವಿಡಿಯೊ ಎಡಿಟ್ ಮಾಡುತ್ತಿದ್ದವಳು. ಪ್ರಯೋಗಕ್ಕೆಂದು ಬಂದು ನಿಂತವಳೇ ಪಾತ್ರವಾಗಿ ಉಳಿದು, 2018ರಲ್ಲಿ ಬಾಫ್ಟಾ ಗೆದ್ದಳು.

ಕತ್ತಿ ಹಿಡಿದವರದ್ದೇ ಆಯಿತೆನ್ನಬೇಡಿ. ಕೊನೆಗೆ ಹುಡುಗಿ ಹಾಕಿದ್ದು 'ವೆಂಬಾ', 2023ರದ್ದು. ಟೊರಾಂಟೊದ ತಂಡವೊಂದು ಮಾಡಿದ, ಕೆನಡಾಕ್ಕೆ ಹೋದ ತಮಿಳು ತಾಯಿಯ ಕಥೆ. ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಮಾಸಿದೆ, ಕಾಣದ ಸಾಲುಗಳನ್ನು ಆಡುವವರು ಊಹಿಸಬೇಕು. ಮೊದಲ ಒಗಟು ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು? ಲಾರಾಳನ್ನು ಕಂದಕ ದಾಟಿಸಿದ ಹುಡುಗಿ ಇಲ್ಲಿ ತಡವರಿಸಿದಳು. ಹಾಗೆ ಇಟ್ಟಳು, ಹೀಗೆ ತಿರುಗಿಸಿದಳು, ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ.

ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದ ಅಕ್ಕ ಬಾಗಿಲಲ್ಲೇ ನಿಂತು ಪರದೆ ನೋಡಿದಳು. "ಗುಳಿ ಮೇಲೆ ಗುಳಿ ಕೂರಿಸಿದ್ರೆ ಹಬೆ ಎಲ್ಲಿ ಹೋಗ್ಬೇಕೇ? ಮೇಲಿನ ತಟ್ಟೆ ಚೂರು ತಿರುಗಿಸು," ಎಂದವಳು, ಕಂಟ್ರೋಲರ್ ಕಡೆ ಕೈ ಚಾಚಿದಳು. "ಕೊಡಿಲ್ಲಿ."